ಟಗರು ಗುದ್ದಿಲ್ಲ

"ಇನ್ನೊಮ್ಮೆ ಓದು," ಅಂದಳು ಭೀಮವ್ವ.

ಶೈಲಶ್ರೀ ಇನ್ನೊಮ್ಮೆ ಓದಿದಳು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಕಾಗದ ಅದು, ಪೂರಾ ಇಂಗ್ಲಿಷಿನಲ್ಲಿ. ನಾಲ್ಕು ತಿಂಗಳಿಂದ ಟ್ರಂಕಿನೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಬಿದ್ದಿತ್ತು. ಮುರಿದ ಎಲುಬು ಕೂಡಿಕೊಂಡಿಲ್ಲ, ಇನ್ನೊಮ್ಮೆ ಆಪರೇಷನ್ ಆಗಬೇಕು, ಹಳೇ ಕಾಗದ ತಗೊಂಡು ಬರ್ರಿ ಅಂತ ಡಾಕ್ಟರು ಹೇಳಿದ್ದಕ್ಕೆ ಇವತ್ತು ಹೊರಗೆ ಬಂದಿತ್ತು. ದೇವದುರ್ಗದ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುವ ಮಗಳು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಕನ್ನಡ ಮಾಡಿ ಹೇಳುತ್ತಿದ್ದಳು.

"ಎಡಗಾಲು. ಮೊಣಕಾಲಿನ ಕೆಳಗ ಎರಡೂ ಎಲುಬು ಮುರದಾವ. ರಾಡು ಹಾಕೀವಿ ಅಂತ ಅದ. ಪೆಟ್ಟು ಹೆಂಗಾತು ಅನ್ನೋದರ ಮುಂದ..." ಅವಳು ಅವ್ವನ ಮುಖ ನೋಡಿದಳು. "ಟಗರು ಗುದ್ದಿ ಬಿದ್ದು, ಅಂತ ಬರದಾರ ಯವ್ವಾ."

ಭೀಮವ್ವ ಹೊರಸಿನ ಮೇಲೆ ಕೂತಲ್ಲಿಂದಲೇ ಬಾಗಿಲಾಚೆ ನೋಡಿದಳು. ಬೇವಿನ ಗಿಡದ ಬುಡಕ್ಕೆ ಕಟ್ಟಿದ್ದ ಕೆಂಚ ಶೇಂಗಾ ಹೊಟ್ಟು ಮೇಯುತ್ತ ನಿಂತಿದ್ದ. ಹುಟ್ಟಿದ ಮೂರನೇ ದಿನ ತಾಯಿಕುರಿ ಸತ್ತಾಗಿನಿಂದ ಬಾಟಲಿಯಲ್ಲಿ ಹಾಲು ಕುಡಿಸಿ, ಚಳಿಗಾಲದಲ್ಲಿ ತನ್ನ ಕಂಬಳಿಯೊಳಗೇ ಮಲಗಿಸಿಕೊಂಡು ಬೆಳೆಸಿದ ಟಗರು. ಅವನು ಊರ ನಾಯಿಗೆ ಗುದ್ದಿದ್ದ, ಪಂಚಾಯ್ತಿ ಮೆಂಬರಿಗೆ ಗುದ್ದಿದ್ದ, ಒಮ್ಮೆ ಸುಮ್ಮನೆ ನಿಂತ ಟ್ರ್ಯಾಕ್ಟರಿಗೂ ಗುದ್ದಿದ್ದ. ಭೀಮವ್ವನ ಮುಂದೆ ಮಾತ್ರ ತಲೆ ಬಗ್ಗಿಸಿ ನಿಂತು ಕೊಂಬಿನ ಬುಡ ಕೆರೆಸಿಕೊಳ್ಳುತ್ತಿದ್ದ.

"ಕೆಂಚ ಗುದ್ದಿದನಂತ? ನನಗ?"

ಈಗ ಅವಳಿಗೆ ಒಂದೊಂದಾಗಿ ತಿಳಿಯತೊಡಗಿತು. ನಳದ ಹತ್ತಿರ ಹೆಂಗಸರು "ಟಗರು ಗುದ್ದಿದಾಕಿ ಹೆಂಗದಾಳಬೇ?" ಅಂತ ಮಗಳನ್ನು ಕೇಳುತ್ತಿದ್ದದ್ದು. ಸೊಸೈಟಿಯಲ್ಲಿ ಅಕ್ಕಿ ಅಳೆಯುವವನು ಕೊಂಬಿನ ಸನ್ನೆ ಮಾಡಿ ನಕ್ಕದ್ದು. ಮಸ್ಕಿರಿ ಅಂದುಕೊಂಡು ತಾನೂ ನಕ್ಕಿದ್ದಳು. ಆಸ್ಪತ್ರೆಯಲ್ಲಿ ಬರೆಸಿದ ಮಾತು ಊರಿಗೆಲ್ಲ ಹಬ್ಬಿತ್ತು, ಕಾಲು ಮುರಿದವಳಿಗೆ ಮಾತ್ರ ಗೊತ್ತಿರಲಿಲ್ಲ.

"ಗದ್ದೆಪ್ಪಾ!" ಅಂತ ಕೂಗಿದಳು.

ಹಿತ್ತಲಲ್ಲಿ ಹಗ್ಗ ಹೊಸೆಯುತ್ತಿದ್ದ ಗಂಡ ಗಾಬರಿಯಾಗಿ ಓಡಿ ಬಂದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಆಸ್ಪತ್ರ್ಯಾಗ ಏನಂತ ಹೇಳೀರಿ?"

ಗದ್ದೆಪ್ಪ ಮಗಳ ಕೈಯಲ್ಲಿದ್ದ ಕಾಗದ ನೋಡಿದ. ಅವನಿಗೆ ಓದು ಬಾರದು. ಆದರೆ ಯಾವ ಸಾಲು ಸಿಕ್ಕಿಬಿದ್ದಿದೆ ಅಂತ ತಿಳಿಯಲು ಓದು ಬೇಕಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಕ್ಕರಗಾಲಲ್ಲಿ ಕೂತ.

ನಡೆದದ್ದು ಇಷ್ಟು. ದೀಪಾವಳಿ ಮುಗಿದ ಮುಂದಿನ ವಾರ, ಹೊತ್ತು ಮುಳುಗಲು ಇನ್ನೂ ಒಂದು ತಾಸು ಇರುವಾಗ, ತಮ್ಮೂರು ಮಸರಕಲ್ ಬಿಟ್ಟು ಸ್ವಲ್ಪ ಮುಂದೆ ಹಿಂಡು ರಸ್ತೆ ದಾಟುತ್ತಿತ್ತು. ಭೀಮವ್ವ ಎಂದಿನಂತೆ ಮುಂದೆ ಬಡಿಗೆ ಎತ್ತಿ ನಿಂತು ಗಾಡಿಗಳನ್ನು ತಡೆದಿದ್ದಳು. ಗದ್ದೆಪ್ಪ ಹಿಂದೆ, ಜೊತೆಗಾರ ಸಿದ್ರಾಮ ಬದಿಗೆ. ಒಂದು ಲಾರಿ ನಿಂತಿತು. ಲಾರಿಯ ಹಿಂದಿದ್ದ ಬಿಳಿ ಕಾರಿಗೆ ನಿಲ್ಲುವಷ್ಟು ತಾಳ್ಮೆ ಇರಲಿಲ್ಲ. ಬಲಗಡೆಯಿಂದ ನುಗ್ಗಿ ಬಂತು. ಎರಡು ಕುರಿ ಅಲ್ಲೇ ಸತ್ತವು. ಭೀಮವ್ವ ರಸ್ತೆ ಬದಿಯ ಜಾಲಿಕಂಟಿಗೆ ಹೋಗಿ ಬಿದ್ದಳು.

ಕಾರು ಓಡಿಸುತ್ತಿದ್ದವನು ವಿರೂಪಣ್ಣ, ಮಾನ್ವಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟ ಸಾವ್ಕಾರ. ಅವನು ಓಡಿಹೋಗಲಿಲ್ಲ, ಅದನ್ನು ಭೀಮವ್ವ ಎಂದೂ ಇಲ್ಲ ಅನ್ನಲಿಲ್ಲ. ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿ, ಗದ್ದೆಪ್ಪನನ್ನು ಕೂಡಿಸಿಕೊಂಡು, ಸೀದಾ ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಗೆ ಒಯ್ದ. ಆದರೆ ದಾರಿಯಲ್ಲಿ ಒಂದು ಮಾತು ಹೇಳಿದ್ದ.

"ಆಕ್ಸಿಡೆಂಟ್ ಅಂತ ಬಾಯಿ ಬಿಟ್ರ, ಪೊಲೀಸರು ಬಂದು ಬರಕೊಳ್ಳೋತನ ಡಾಕ್ಟರು ಮುಟ್ಟಂಗಿಲ್ಲ ಅಂದ," ಗದ್ದೆಪ್ಪ ನೆಲ ನೋಡುತ್ತ ಹೇಳಿದ. "ಅಷ್ಟೊತ್ತಿಗೆ ಆಕಿ ಉಳಿಯಂಗಿಲ್ಲ, ಬ್ಯಾರೆ ಏನರ ಹೇಳು ಅಂದ. ನಿನ್ನ ಕಾಲಿಂದ ರಕ್ತ ಹರಿಯಾಕತ್ತಿತ್ತು. ಕೌಂಟರಿನ್ಯಾಗ ಆ ಹುಡುಗಿ ಏನಾತು ಏನಾತು ಅಂತ ಕೇಳಿದ್ಲು. ನನ್ನ ಬಾಯಿಗೆ ಅದಽ ಬಂತು."

"ಗಿಡದ ಮ್ಯಾಲಿಂದ ಬಿದ್ದಳು ಅನ್ನಬೇಕಿಲ್ಲ?"

"ನೀ ಗಿಡ ಹತ್ತತೀ ಅಂದ್ರ ಯಾರು ನಂಬತಾರ?"

ಶೈಲಶ್ರೀ ತಡೆಯಲಾರದೆ ನಕ್ಕಳು. ಅವ್ವನ ಕಣ್ಣು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಫೋನ್ ಹಚ್ಚು ಆ ಸಾವ್ಕಾರಗ," ಅಂದಳು ಭೀಮವ್ವ. "ಮಂದಿಗೆ ಕೇಳೋ ಹಂಗ ಹಚ್ಚು."

ಮಗಳು ಸ್ಪೀಕರ್ ಹಾಕಿದಳು. ಗದ್ದೆಪ್ಪ ಎರಡನೇ ಆಪರೇಷನ್ನಿನ ಮಾತು ತೆಗೆದ. ಆ ಕಡೆಯಿಂದ ದನಿ ಮೆತ್ತಗೆ, ತುಪ್ಪ ಸವರಿದ ಹಾಗೆ ಬಂತು.

"ಗದ್ದೆಪ್ಪಾ, ಮನುಷ್ಯಾ ಅಂದಮ್ಯಾಲೆ ಮಾಡಬೇಕು, ಅಂತ ನಿನ್ನ ಹೆಂಡತೀನ ಆಸ್ಪತ್ರಿಗೆ ಒಯ್ದೆ. ಬಿಲ್ಲೂ ತುಂಬೀನಿ. ಇನ್ನ ನಿನ್ನ ಟಗರು ಗುದ್ದಿದ್ದಕ್ಕ ನಾ ಎಷ್ಟಂತ ಕೊಡಲಪಾ? ಆಸ್ಪತ್ರಿ ಕಾಗದ ಓದಿಸಿ ನೋಡು."

ಫೋನ್ ಇಟ್ಟ. ಹೊರಗೆ ಕೆಂಚ ಹೊಟ್ಟಿನ ಬುಟ್ಟಿ ಬೋರಲು ಹಾಕಿದ ಸಪ್ಪಳವಾಯಿತು.

ಕಾಲು ಮುರಿದು ನಾಲ್ಕು ತಿಂಗಳಾಗಿತ್ತು. ಇಷ್ಟು ದಿನ ಭೀಮವ್ವ ನೋವು ಅಂದುಕೊಂಡಿದ್ದಳು, ದೈವ ಅಂದುಕೊಂಡಿದ್ದಳು, ಸಾವ್ಕಾರ ಪಾಪ ಒಳ್ಳೇವ ಅಂತಲೂ ಅಂದುಕೊಂಡಿದ್ದಳು. ಈಗ ಅವಳ ಮುಂದೆ ಒಂದೇ ಒಂದು ಸಾಲು ಇತ್ತು. ಆ ಸಾಲು ಇರುವ ತನಕ ಆಪರೇಷನ್ನೂ ಇಲ್ಲ, ನ್ಯಾಯವೂ ಇಲ್ಲ. ಸಾಯುವ ತನಕ ಅವಳು ಟಗರು ಗುದ್ದಿದಾಕಿ.

"ನಡೀರಿ ಠಾಣೆಗೆ," ಅಂದಳು.

*

ಠಾಣೆಗೆ ಹೋಗಲು ಟಂಟಂ ಗಾಡಿ ಮಾಡಬೇಕಾಯಿತು. ಇಬ್ಬರು ಹಿಡಿದು ಇಳಿಸಿದರು. ಮೇಜಿನ ಹಿಂದೆ ಬರೆಯುತ್ತ ಕೂತಿದ್ದವನು ಎಲ್ಲ ಕೇಳಿಸಿಕೊಂಡು, ಆಸ್ಪತ್ರೆ ಕಾಗದ ಓದಿ, ಪೆನ್ನು ಕೆಳಗಿಟ್ಟ.

"ನಾಲ್ಕು ತಿಂಗಳಾದ ಮ್ಯಾಲೆ ಬಂದೀರಿ. ಇಲ್ಲಿ ನೋಡಿದ್ರ ಟಗರು ಅಂತ ಅದ. ಯಾರ ಮ್ಯಾಲೆ ಎಫ್‌ಐಆರ್ ಹಾಕಲಿ, ಟಗರಿನ ಮ್ಯಾಲಾ? ಹೆಸರೇನು ಅದರದು, ತಂದಿ ಹೆಸರು ಹೇಳ್ರಿ."

ಸುತ್ತ ಇದ್ದವರು ನಕ್ಕರು. ಗದ್ದೆಪ್ಪ ಬಾಗಿಲ ಕಡೆ ಹೊರಳಿದ. ಭೀಮವ್ವ ಹೊರಳಲಿಲ್ಲ.

"ನಗೂದಾತಲ್ಲ, ಈಗ ಬರಕೋರಿ," ಅಂದಳು. "ಹೆಸರು ವಿರೂಪಣ್ಣ. ಊರು ಮಾನ್ವಿ."

ಬರೆದುಕೊಳ್ಳಲಿಲ್ಲ. ಹೊರಗೆ ಬಂದು ಟಂಟಂ ಹತ್ತುವಾಗ ಒಳಗಿಂದ ಒಬ್ಬ ಮಹಿಳಾ ಪೊಲೀಸ್ ಬಂದಳು. ಎದೆಯ ಮೇಲಿನ ಪಟ್ಟಿಯಲ್ಲಿ ಅಸ್ಮತ್ ಅಂತ ಇದ್ದದ್ದನ್ನು ಶೈಲಶ್ರೀ ಓದಿದಳು. ಆಕೆ ಹಿಂದೆ ತಿರುಗಿ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು:

"ಯಕ್ಕಾ, ದೇವದುರ್ಗ ಕೋರ್ಟಿನ್ಯಾಗ ಕಾನೂನು ಸೇವಾ ಸಮಿತಿ ಅಂತ ಅದ. ಹೆಣ್ಣುಮಕ್ಕಳಿಗೆ ಪುಕ್ಕಟ ವಕೀಲರನ್ನ ಕೊಡತಾರ, ರೊಕ್ಕ ಇದ್ದೋರು ಇಲ್ಲದೋರು ಅಂತ ಕೇಳಂಗಿಲ್ಲ. ನಾಳೆನಽ ಹೋಗ್ರಿ. ನಾ ಹೇಳಿದ್ದು ಅನಬ್ಯಾಡ್ರಿ."

*

ಸಮಿತಿಯವರು ಕೊಟ್ಟ ದಾನೇಶ್ವರಿ ವಕೀಲೆಗೆ ಮೂವತ್ತು ದಾಟಿರಲಿಲ್ಲ. ಮಾನ್ವಿಯವಳೇ, ಅವಳವ್ವ ಗೋಪಮ್ಮ ಈಗಲೂ ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಾಳೆ, ಮಗಳು ಕರಿ ಕೋಟು ಹಾಕಿಕೊಂಡು ರಾಯಚೂರಿಗೂ ದೇವದುರ್ಗಕ್ಕೂ ಬಸ್ಸಿನಲ್ಲಿ ಓಡಾಡುತ್ತಾಳೆ. ಕಾಗದ ಮುಟ್ಟುವ ಮೊದಲು ಅವಳು ಕೇಳಿದ್ದು, "ಕಾಲು ತೋರಿಸ್ರಿ ಯಕ್ಕಾ." ಬಗ್ಗಿ ನೋಡಿದಳು. ಪಾದ ಸ್ವಲ್ಪ ಹೊರಕ್ಕೆ ತಿರುಗಿತ್ತು. ಹೊಲಿಗೆಯ ಗುರುತು ಬೆಳ್ಳಗೆ ಮಿಂಚುತ್ತಿತ್ತು. ಆಮೇಲೆ ಕಾಗದ ಓದಿ ಹಣೆ ಒತ್ತಿಕೊಂಡಳು.

"ಯಜಮಾನರ, ಸುಳ್ಳು ಹೇಳಿದ್ದಕ್ಕ ನಿಮಗ ಬೈಯಾಂಗಿಲ್ಲ. ಆದರ ಸಾವ್ಕಾರ ಹೇಳಿದ್ದು ಪೂರಾ ಸುಳ್ಳು. ಆಕ್ಸಿಡೆಂಟ್ ಆದೋರನ್ನ ಯಾವ ಆಸ್ಪತ್ರಿನೂ ಪೊಲೀಸರು ಬರಲಿ ಅಂತ ಕೂಡಿಸಂಗಿಲ್ಲ. ಮೊದಲು ಔಷಧ, ಆಮ್ಯಾಲೆ ಬರವಣಿಗಿ. ಇದು ಕಾನೂನು."

ಗದ್ದೆಪ್ಪ ಕೈಯಲ್ಲಿದ್ದ ರುಮಾಲು ಹಿಂಡಿದ. "ಅಂದ್ರ ಖರೇ ಹೇಳಿದ್ರೂ ಹೊಲಿಗಿ ಹಾಕತಿದ್ರು?"

"ಹಾಕತಿದ್ರು."

ಅವನು ಹೆಂಡತಿಯ ಕಾಲಿನ ಕಡೆ ನೋಡಿದ.

ದಾನೇಶ್ವರಿ ಭೀಮವ್ವನ ಕಡೆ ತಿರುಗಿದಳು. ಕಾರಿಗೆ ವಿಮೆ ಇರುತ್ತದೆ. ಪರಿಹಾರ ಕೊಡಬೇಕಾದ್ದು ಬಹುತೇಕ ವಿಮೆ ಕಂಪನಿಯೇ ಹೊರತು ಸಾವ್ಕಾರ ಜೇಬಿನಿಂದ ಅಲ್ಲ. ಔಷಧದ ಖರ್ಚು, ಇಷ್ಟು ದಿನ ಕೂಲಿ ಇಲ್ಲದೆ ಕೂತದ್ದು, ಮುಂದೆ ನಡೆಯಲಾಗದ್ದು, ಪಟ್ಟ ನೋವು, ಎಲ್ಲ ಕೇಳುವ ಹಕ್ಕು ಇದೆ. ಠಾಣೆಯಲ್ಲಿ ತಗೊಳ್ಳದಿದ್ದರೆ ದೂರನ್ನು ರಿಜಿಸ್ಟರ್ ಅಂಚೆಯಲ್ಲಿ ರಾಯಚೂರಿನ ಎಸ್‌ಪಿ ಸಾಹೇಬರಿಗೆ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ತಡ ಯಾಕಾಯಿತು ಅಂತ ಇದ್ದದ್ದು ಇದ್ದ ಹಾಗೆ ಬರೆಯಬೇಕು. ಪರಿಹಾರದ ಅರ್ಜಿ ಮಾತ್ರ ಅಪಘಾತದ ದಿನದಿಂದ ಆರು ತಿಂಗಳ ಒಳಗೆ ಹಾಕಿಬಿಡಬೇಕು.

"ನಾಲ್ಕು ಹೋದವು," ಅಂದಳು ಶೈಲಶ್ರೀ.

"ಎರಡು ಉಳದಾವ. ಆದರ ಯಕ್ಕಾ, ಕಂಪನಿ ವಕೀಲ ಈ ಟಗರಿನ ಸಾಲು ಹಿಡ್ಕೊಂಡು ಜಗ್ಗತಾನ. ಕಾರು ಅಲ್ಲಿತ್ತು, ನಿಮಗ ಹಾಯ್ತು ಅನ್ನೋದಕ್ಕ ಆಗಿನ ಕಾಲದ ಒಂದು ಕಾಗದ ಬೇಕು. ಫೋಟೋ, ಬರವಣಿಗಿ, ಏನರ?"

"ಸಿದ್ರಾಮ ಕಣ್ಣಾರೆ ನೋಡ್ಯಾನ್ರಿ," ಅಂದ ಗದ್ದೆಪ್ಪ. "ಈಗ ಕುರಿ ಹೊಡ್ಕೊಂಡು ಗದ್ವಾಲ ಕಡಿ ಹೋಗ್ಯಾನ. ಕಾಗದ ಅಂದ್ರ... ಇಲ್ರಿ."

"ಸಾಕ್ಷಿ ಬರಲಿ, ಚಲೋದಽ. ಕಾಗದ ಇದ್ರ ಇನ್ನೂ ಗಟ್ಟಿ. ಮನಿಗೆ ಹೋಗಿ ನೆನಸ್ರಿ."

ಬಸ್ಸಿನಲ್ಲಿ ವಾಪಸ್ಸು ಬರುವಾಗ ಭೀಮವ್ವ ಕಿಟಕಿಯ ಹತ್ತಿರ ಕಾಲು ಚಾಚಿ ಕೂತಿದ್ದಳು. ಬಯಲಲ್ಲಿ ಯಾರದೋ ಹಿಂಡು ಮೇಯುತ್ತಿತ್ತು. ಅಭ್ಯಾಸದಿಂದ ಎಣಿಸತೊಡಗಿದಳು. ಎಣಿಸುತ್ತ ಎಣಿಸುತ್ತ ಒಮ್ಮೆಲೇ ಗಂಡನ ತೋಳು ಹಿಡಿದಳು.

"ಸತ್ತ ಎರಡು ಕುರಿ ಮಾಳಿಂಗಪ್ಪ ಕಾಕಾಗ ಹೆಂಗ ಒಪ್ಪಿಸಿದ್ರಿ?"

ಹಿಂಡು ಪಾಲಿನದು. ಕುರಿ ಕವಿತಾಳದ ಮಾಳಿಂಗಪ್ಪನವು, ಮೇಯಿಸುವುದು ಇವರು. ಹುಟ್ಟಿದ ಮರಿಗಳಲ್ಲಿ ಅರ್ಧರ್ಧ. ಪಾಲಿನ ಕುರಿ ಸತ್ತರೆ ಸುಮ್ಮನೆ ಸತ್ತಿತು ಅಂದರೆ ನಡೆಯುವುದಿಲ್ಲ. ಮಾರಿಕೊಂಡು ತಿಂದರು ಅನ್ನುತ್ತಾರೆ. ಅದಕ್ಕೇ ಯಜಮಾನನ ಗುರುತಿನ ಕಚ್ಚು ಇರುವ ಕಿವಿ ಕತ್ತರಿಸಿ ಒಯ್ದು ತೋರಿಸಬೇಕು. ಮಾಳಿಂಗಪ್ಪ ಇನ್ನೂ ಒಂದು ಕೈ ಮುಂದೆ. ಕಿವಿಯ ಜೊತೆಗೆ ಚೀಟಿ ಬೇಕು ಅವನಿಗೆ. ಹೇಗೆ ಸತ್ತಿತು, ಸಾಯುವಾಗ ಕುರಿಯ ಜೊತೆ ಯಾರಿದ್ದರು, ಬರೆಸಿ ತರಬೇಕು. ಕಾಯುವವರು ಇಲ್ಲದಾಗ ಸತ್ತ ಕುರಿಯ ನಷ್ಟ ಕುರುಬನದೇ.

"ಕಿವಿ ಕೊಟ್ಟೆ," ಅಂದ ಗದ್ದೆಪ್ಪ. "ಚೀಟಿ ಕೊಟ್ಟೆ."

"ಯಾವ ಚೀಟಿ? ಯಾರು ಬರದದ್ದು?"

"ಸಾವ್ಕಾರನಽ. ಹಿರಿಯರು ಕಟ್ಟಿ ಮ್ಯಾಲೆ ಕೂತ ದಿನ ಕುರಿ ರೊಕ್ಕ ಕೊಟ್ನಲ್ಲ. ಚೀಟಿ ಇಲ್ಲಂದ್ರ ಮಾಳಿಂಗಪ್ಪ ಒಪ್ಪಂಗಿಲ್ಲ ಅಂದೆ. ತನ್ನ ಅಂಗಡಿ ಬಿಲ್ಲಿನ ಮ್ಯಾಲೆ ಬರದು ಸಿಕ್ಕಾ ಒತ್ತಿ ಕೊಟ್ಟ."

"ನನ್ನ ಹೆಸರು ಬರಸೀರೇನು?"

"ಬರಸಲಾರದಽ? ಮುಂದ ನೀನಽ ಇದ್ದೆಲ್ಲ. ಇಲ್ಲಂದ್ರ ಕುರಿ ಕಾಯೋರಿರಲಿಲ್ಲ ಅನ್ನತಿದ್ದ ಆ ಮುದುಕ."

ಭೀಮವ್ವ ಕಂಡಕ್ಟರನ್ನು ಕೂಗಿದಳು. "ಏ ತಮ್ಮಾ! ಕವಿತಾಳಕ್ಕ ಹೋಗೋ ಬಸ್ಸು ಎಲ್ಲಿ ಸಿಗತದ?"

"ಈಗ ಹತ್ತೀರಿ ಯವ್ವಾ, ಇನ್ನೂ ಟಿಕೆಟ್ ಸೈತ ಹರದಿಲ್ಲ!"

"ಹರೀಬ್ಯಾಡ. ಇಳಸು."

*

ಮಾಳಿಂಗಪ್ಪ ಎಪ್ಪತ್ತರ ಮುದುಕ. ಕಬ್ಬಿಣದ ಪೆಟ್ಟಿಗೆ ಅವನ ಮಂಚದ ಕೆಳಗೇ ಇರುತ್ತಿತ್ತು. ಅದರಲ್ಲಿ ಮೂವತ್ತು ವರ್ಷದ ಚೀಟಿಗಳು, ಸುತಳಿ ಕಟ್ಟಿ, ಒಂದೊಂದಕ್ಕೂ ಒಣಗಿದ ಕಿವಿ ಪೋಣಿಸಿ. ಭೀಮವ್ವ ಕೋಲೂರಿ ಅಂಗಳ ದಾಟಿ ಬಂದದ್ದು ನೋಡಿ ಚಹಾ ಹೇಳಿದ, ಕುರ್ಚಿ ಹಾಕಿಸಿದ. ಚೀಟಿಯ ಮಾತು ಬಂದ ಕೂಡಲೇ ಮುಖ ಬಿಗಿದುಕೊಂಡ.

"ಅದು ನನ್ನ ಲೆಕ್ಕದ ಕಾಗದ, ತಂಗೀ. ಕೊಡಾಕ ಬರಂಗಿಲ್ಲ."

"ಒಯ್ಯಂಗಿಲ್ಲ ಕಾಕಾ. ಕೋರ್ಟಿಗೆ ತೋರಿಸಿ ನಿಮಗಽ ಬರೋ ಹಂಗ ವಕೀಲವ್ವ ಮಾಡತಾಳ."

"ವಿರೂಪಣ್ಣ ನನಗ ಹಳೇ ಪರಿಚಯ. ಬೀಜ ಗೊಬ್ಬರ ಎಲ್ಲಾ ಅವನ ಕಡೀನಽ. ನಿಮ್ಮ ಜಗಳದಾಗ ನಾ ಯಾಕ ಬರಲಿ? ಊರೆಲ್ಲ ಟಗರು ಗುದ್ದೇದ ಅಂತಾರ. ಹಂಗಽ ಇರಲಿ ಬಿಡು."

ಗದ್ದೆಪ್ಪ ಏಳಲು ಹೊರಟ. ಭೀಮವ್ವ ಬಟ್ಟಲಿನ ಚಹಾ ಪೂರಾ ಕುಡಿದಳು, ಬಟ್ಟಲು ಕೆಳಗಿಟ್ಟಳು.

"ಹಂಗಽ ಇರಲಿ ಅಂತೀರಿ ಕಾಕಾ?"

"ಹೂಂ."

"ಆಸ್ಪತ್ರಿ ಕಾಗದದಾಗ ಅದ, ಟಗರು ಗುದ್ದಿ ಕಾಲು ಮುರದದ ಅಂತ. ಡಾಕ್ಟರ ಸಹಿ ಅದ. ಆತು, ಖರೇನಽ ಅನಕೊಳ್ಳೋಣ. ಟಗರು ಯಾವುದು? ಕೆಂಚ. ಕೆಂಚನ ಕಿವ್ಯಾಗ ಯಾರ ಕಚ್ಚು ಅದ?"

ಕೆಂಚನ ತಾಯಿ ಮಾಳಿಂಗಪ್ಪನ ಕುರಿ. ಮರಿಯ ಪಾಲು ಇನ್ನೂ ಆಗಿರಲಿಲ್ಲ. ಪಾಲು ಆದಾಗ ಈ ಟಗರು ತನ್ನ ಅರ್ಧಕ್ಕೇ ಬರಬೇಕು ಅಂತ ಹಟ ಹಿಡಿದು, ಎರಡು ವರ್ಷದ ಹಿಂದೆ ತಾನೇ ಕೂತು ಅದರ ಕಿವಿಗೆ ಕಚ್ಚು ಹಾಕಿದ್ದ.

"ನಿಮ್ಮ ಟಗರು," ಅಂದಳು ಭೀಮವ್ವ. "ನಿಮ್ಮ ಟಗರು ನನ್ನ ಕಾಲು ಮುರದದ. ಆಪರೇಷನ್ ನೀವು ಮಾಡಸ್ರಿ. ಇಷ್ಟು ದಿನ ಕೂತು ಉಂಡದ್ದು ನೀವು ಕೊಡ್ರಿ. ಇಲ್ಲಂದ್ರ ಸಾವ್ಕಾರ ಬಿಡ್ರಿ, ನಾಳಿ ನಿಮ್ಮ ಹೆಸರಿಗೆ ನೋಟೀಸು ಬರತದ. ಮಾನ್ವಿ ಹುಡುಗಿ, ಭಾಳ ಜೋರದಾಳ."

"ಏ ಹುಚ್ಚಿ! ಟಗರು ಗುದ್ದಿಲ್ಲ ಅಂತ ನಿನಗ ಗೊತ್ತಿಲ್ಲೇನು?"

"ನನಗ ಗೊತ್ತದ. ಚೀಟಿ ನಿಮ್ಮ ಕಡೆ ಅದ."

ಮುದುಕ ಅವಳನ್ನು ದಿಟ್ಟಿಸಿದ. ಅವನ ಮೀಸೆಯ ಕೆಳಗೆ ಏನೋ ಅಲುಗಿತು; ಸಿಟ್ಟೋ ನಗುವೋ ಶೈಲಶ್ರೀಗೆ ತಿಳಿಯಲಿಲ್ಲ. "ಗದ್ದೆಪ್ಪಾ, ಇಂಥಾಕೀನ ಕಟಗೊಂಡು ಇಷ್ಟು ವರ್ಷ ಹೆಂಗ ಬಾಳೇವು ಮಾಡಿದಿಲೇ?" ಅಂತ ಗೊಣಗುತ್ತ ಮಂಚದ ಕೆಳಗೆ ಕೈ ಹಾಕಿ ಪೆಟ್ಟಿಗೆ ಎಳೆದ.

ಚೀಟಿ ಸಿಕ್ಕಿತು. ಶೈಲಶ್ರೀ ಗಟ್ಟಿಯಾಗಿ ಓದಿದಳು. ಅಂಗಡಿಯ ಹೆಸರು, ತಾರೀಖು, ಕಾರಿನ ನಂಬರು. ಮಸರಕಲ್ ಹತ್ತಿರ ಸಂಜೆ ಐದಕ್ಕೆ ನನ್ನ ಕಾರು ಹಾಯ್ದು ಗದ್ದೆಪ್ಪನ ಹಿಂಡಿನ ಎರಡು ಕುರಿ ಸತ್ತಿವೆ. ಆ ವೇಳೆ ಅವನ ಹೆಂಡತಿ ಭೀಮವ್ವ ಕುರಿಗಳ ಮುಂದೆ ನಿಂತಿದ್ದಳು, ಆಕೆಗೂ ಕಾಲಿಗೆ ಪೆಟ್ಟಾಗಿದೆ. ಕುರಿಗಳು ಕಾಯುವವರಿಲ್ಲದೆ ಇರಲಿಲ್ಲ. ಕೆಳಗೆ ಸಹಿ, ಅಂಗಡಿಯ ಸಿಕ್ಕಾ. ಮೂಲೆಯಲ್ಲಿ ಎರಡು ಒಣ ಕಿವಿ, ದಾರದಲ್ಲಿ.

"ಕಿವಿ ಬಿಚ್ಚಲೇನು?" ಅಂದಳು ಶೈಲಶ್ರೀ.

"ಬ್ಯಾಡ," ಅಂದಳು ಭೀಮವ್ವ. "ಅವೂ ಬರಲಿ."

*

ಆಮೇಲೆ ಕೆಲಸ ಸರಸರ ನಡೆಯಿತು ಅನ್ನುವ ಹಾಗಿಲ್ಲ. ರಿಜಿಸ್ಟರ್ ಅಂಚೆ ಹೋಯಿತು, ಠಾಣೆಯಿಂದ ಕರೆ ಬಂತು, ಮೊದಲ ಸಲ ನಕ್ಕವನೇ ಈ ಸಲ ಕುರ್ಚಿ ಹಾಕಿ ಬರೆದುಕೊಂಡ. ಪರಿಹಾರದ ಅರ್ಜಿ ಆರು ತಿಂಗಳಿಗೆ ಹನ್ನೊಂದು ದಿನ ಇರುವಾಗ ರಾಯಚೂರಿನಲ್ಲಿ ದಾಖಲಾಯಿತು. ಎರಡನೇ ಆಪರೇಷನ್ ಸರಕಾರಿ ಆಸ್ಪತ್ರೆಯಲ್ಲಿ ಆಯಿತು. ಎಲುಬು ಕೂಡಿತು, ಕಾಲು ಎರಡು ಬೆರಳಿನಷ್ಟು ಗಿಡ್ಡವಾಯಿತು.

ತನಿಖೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ವಿರೂಪಣ್ಣನ ಡ್ರೈವಿಂಗ್ ಲೈಸೆನ್ಸು ಅಪಘಾತದ ಹೊತ್ತಿಗೆ ಮುಗಿದು ಎರಡು ವರ್ಷವಾಗಿತ್ತು. ಕಂಪನಿ ಮೊದಲು ಭೀಮವ್ವನಿಗೆ ಕೊಟ್ಟು, ಆಮೇಲೆ ಅಷ್ಟನ್ನೂ ಅವನಿಂದ ವಸೂಲಿ ಮಾಡುವ ದಾರಿ ಅದರಿಂದ ತೆರೆಯುತ್ತಿತ್ತು. ಆ ದಿನ ಕಾರಿನಲ್ಲಿ ಅವನಿಗೆ ಹೆದರಿಕೆ ಆದದ್ದು ಭೀಮವ್ವನ ರಕ್ತಕ್ಕೆ ಮಾತ್ರ ಅಲ್ಲ.

ಅವನು ಮಸರಕಲ್ಲಿಗೆ, ಭೀಮವ್ವನ ಮನೆಗೇ ಬಂದ, ಊರ ಹಿರಿಯರಿಬ್ಬರ ಜೊತೆ. ಬೇವಿನ ಗಿಡದ ಕೆಳಗೆ ಕೂತ. ಕೆಂಚ ಹಗ್ಗ ಜಗ್ಗಿ ಅವನ ಕಡೆ ನೋಡುತ್ತಿದ್ದ. ಹಿರಿಯರು ಜಾಗ ಬದಲಿಸಿ ಕೂತರು.

"ತಂಗೀ, ಕೋರ್ಟು ಕಚೇರಿ ಅಂತ ಯಾಕ ತಿರುಗತೀ ಆ ಕಾಲು ಹಿಡ್ಕೊಂಡು? ನಾವು ನಾವು ಕೂತು ಮುಗಿಸೋಣ. ಒಂದು ಕಾಗದ ಬರದು ಕೊಟ್ಟಬಿಡು."

"ಏನಂತ ಬರೀಲಿ?"

"ಅದಽ... ಆಸ್ಪತ್ರ್ಯಾಗ ಬರಸಿದ್ದು ಖರೇ ಅದ ಅಂತ."

ಭೀಮವ್ವ ಕೋಲು ಹಿಡಿದು ಎದ್ದಳು. ಹಿರಿಯರ ಮುಂದೆ ಕೂತು ಮಾತಾಡುವುದು ಅವಳಿಗೆ ರೂಢಿಯಾಗಿತ್ತು. ನಿಂತು ಮಾತಾಡಿದ್ದು ಕಡಿಮೆ.

"ಸಾವ್ಕಾರ್ರ, ಆ ದಿನ ನೀವು ನನ್ನ ಎತ್ತಿ ಹಾಕ್ಕೊಂಡು ಹೋದ್ರಿ. ಅದಕ್ಕ ನಿಮಗ ಕೈ ಮುಗೀತೀನಿ, ಕೋರ್ಟಿನ್ಯಾಗ ಕೇಳಿದ್ರೂ ಹೇಳತೀನಿ. ಆದರ ಎರಡು ಕುರಿಗೆ ಚೀಟಿ ಬರದು ಕೊಟ್ರಿ, ನನಗ ಸುಳ್ಳು ಬರಸಿದ್ರಿ. ಕುರಿಗಿಂತ ಕಡಿಮಿ ಆಗಿ ನಾ ರಾಜಿ ಆಗಂಗಿಲ್ಲ. ಚಹಾ ಕುಡದು ಹೋಗ್ರಿ."

ಚಹಾ ಕುಡಿಯದೆ ಹೋದರು.

*

ಸಾಕ್ಷಿ ಹೇಳುವ ದಿನ ಬಂದಾಗ ಮತ್ತೊಂದು ದೀಪಾವಳಿ ಕಳೆದಿತ್ತು. ಸಿದ್ರಾಮ ಗದ್ವಾಲದಿಂದ ಬಂದು ನೋಡಿದ್ದನ್ನು ಹೇಳಿದ. ಎಲುಬಿನ ಡಾಕ್ಟರು ಬಂದು, ಇಂಥ ಪೆಟ್ಟು ಸಾಮಾನ್ಯವಾಗಿ ಗಾಡಿಯ ಬಂಪರ್ ತಾಗಿದಾಗ ಆಗುತ್ತದೆ ಅಂದರು. ಆಮೇಲೆ ಗದ್ದೆಪ್ಪನ ಸರದಿ.

ಅವನಿಗೆ ಹಿಂಡಿನ ಮುಂದೆ ದನಿ ಇತ್ತು, ಮನುಷ್ಯರ ಮುಂದೆ ಇರಲಿಲ್ಲ. ಹೊಸ ರುಮಾಲು ಸುತ್ತಿಕೊಂಡು ಬಂದವನು ಕಟಕಟೆ ಹತ್ತುವ ಮೊದಲು ಅದನ್ನು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ. ಕಂಪನಿಯ ವಕೀಲರು ಕೇಳಿದರು:

"ಟಗರು ಗುದ್ದಿತು ಅಂತ ಆಸ್ಪತ್ರೆಯಲ್ಲಿ ಹೇಳಿದವರು ನೀವೇ ಅಲ್ಲವೇ?"

"ನಾನಽ ರೀ."

"ಹಾಗಾದರೆ ಆಗ ಸುಳ್ಳು ಹೇಳಿದಿರೋ, ಈಗ ಹೇಳುತ್ತಿದ್ದೀರೋ?"

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಗದ್ದೆಪ್ಪ ನ್ಯಾಯಾಧೀಶರ ಕಡೆ ತಿರುಗಿದ.

"ಆಗ ಸುಳ್ಳು ಹೇಳಿನ್ರಿ ಸಾಹೇಬ್ರ. ಖರೇ ಹೇಳಿದ್ರ ಆಕಿ ಸಾಯ್ತಾಳ ಅಂತ ನಂಬಿದ್ದೆ. ನನ್ನ ಹೆಂಡತಿ ಉಳೀಬೇಕಿತ್ತು. ಸಾಕಿದ ಟಗರಿನ ಮ್ಯಾಲೆ ಹಾಕಿದೆ. ತಪ್ಪು ನಂದು. ಅದಕ್ಕ ನನಗ ಏನು ಶಿಕ್ಷಾ ಕೊಡತೀರಿ ಕೊಡ್ರಿ, ಆಕೀ ಕಾಲಿನ ಮ್ಯಾಲೆ ಹಾಕಬ್ಯಾಡ್ರಿ."

ಭೀಮವ್ವ ರುಮಾಲನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು.

ಅವಳ ಸರದಿ ಬಂದಾಗ ವಕೀಲರು ದನಿ ಮೆತ್ತಗೆ ಮಾಡಿಕೊಂಡರು. "ಭೀಮವ್ವ, ನಿಮ್ಮ ಟಗರು ಜನರಿಗೆ ಗುದ್ದುತ್ತದೆ, ಹೌದೋ ಅಲ್ಲವೋ?"

ದಾನೇಶ್ವರಿ ಪೆನ್ನು ಹಿಡಿದ ಕೈ ನಿಲ್ಲಿಸಿದಳು.

"ಗುದ್ದತಾನ್ರಿ," ಅಂದಳು ಭೀಮವ್ವ. "ನಾಯಿಗೆ ಗುದ್ದ್ಯಾನ. ಪಂಚಾಯ್ತಿ ಮೆಂಬರಿಗೆ ಗುದ್ದ್ಯಾನ. ನೀವು ಬಂದ್ರ ನಿಮಗೂ ಗುದ್ದತಾನ."

ಕೋರ್ಟಿನಲ್ಲಿ ನಗು ಎದ್ದಿತು. ನ್ಯಾಯಾಧೀಶರು ಪೆನ್ನಿನಿಂದ ಮೇಜು ತಟ್ಟಿದರು, ಆದರೆ ಅವರ ಮುಖವೂ ಸಡಿಲಾಗಿತ್ತು.

"ಹಾಗಾದರೆ ನಿಮಗೂ ಗುದ್ದಿರಬಹುದಲ್ಲ?"

"ನನ್ನದೂ ಒಂದು ಮಾತು ಕೇಳ್ರಿ ವಕೀಲಸಾಹೇಬ್ರ. ನನ್ನ ಟಗರು ನನಗ ಗುದ್ದಿದ್ರ, ಅದು ನನ್ನ ಮನಿ ಮಾತು. ಮಾನ್ವಿ ಸಾವ್ಕಾರ ನನ್ನ ಎರಡು ಕುರಿಗೆ ಸಿಕ್ಕಾ ಒತ್ತಿ ಚೀಟಿ ಯಾಕ ಕೊಟ್ಟ? ಆ ಎರಡು ಕುರಿಗೂ ಕೆಂಚನಽ ಗುದ್ದಿದನೇನು? ಗುದ್ದಿ, ಮಾನ್ವಿಗೆ ಹೋಗಿ, ಕಾರಿನ ನಂಬರ್ ಬರಸಿಕೊಂಡು ಬಂದನೇನು?"

ವಕೀಲರು ಚೀಟಿ ಕೇಳಿದರು. ಕಡತದೊಳಗಿಂದ ಅದು ಹೊರಬಂತು, ದಾರದಲ್ಲಿ ಎರಡು ಒಣ ಕಿವಿ ಜೋಲಾಡುತ್ತ. ಅವರು ಬೆರಳ ತುದಿಯಿಂದ ಹಿಡಿದು ಓದಿದರು, ಇನ್ನೊಮ್ಮೆ ಓದಿದರು, ವಾಪಸ್ಸು ಕೊಟ್ಟರು. ಮುಂದೆ ಕೇಳಲು ಏನೂ ಇಲ್ಲ ಅಂದರು.

*

ತೀರ್ಪು ಬೇಸಿಗೆಗೆ ಬಂತು. ಕೇಳಿದ್ದರಲ್ಲಿ ಎಲ್ಲ ಸಿಗಲಿಲ್ಲ, ಬಹಳಷ್ಟು ಸಿಕ್ಕಿತು. ಕಂಪನಿ ಮೇಲಿನ ಕೋರ್ಟಿಗೆ ಹೋದರೂ ಹೋಗಬಹುದು ಅಂತ ದಾನೇಶ್ವರಿ ಮೊದಲೇ ಹೇಳಿದಳು. "ಹೋಗಲಿ, ನಾವೂ ಹೋಗೋಣ," ಅಂದಳು ಭೀಮವ್ವ. ಅವಳಿಗೆ ಬೇಕಾಗಿದ್ದ ಸಾಲನ್ನು ಶೈಲಶ್ರೀ ಹುಡುಕಿ ತೆಗೆದಿದ್ದಳು: ಅರ್ಜಿದಾರಳಿಗೆ ಗಾಯವಾದದ್ದು ಕಾರಿನ ಅಜಾಗರೂಕ ಚಾಲನೆಯಿಂದ, ಟಗರಿನಿಂದ ಅಲ್ಲ.

ಮರುದಿನ ನಳದ ಹತ್ತಿರ ಆ ಕಾಗದ ಓದಿಸಲಾಯಿತು. ಕೊಂಬಿನ ಸನ್ನೆ ಮಾಡಿದ್ದ ಅಕ್ಕಿಯವನನ್ನೂ ಕರೆಸಿದ್ದಳು.

ಈಗ ಅವಳು ಹಿಂಡಿನ ಹಿಂದೆ ದಿನಗಟ್ಟಲೆ ನಡೆಯಲಾರಳು. ರಸ್ತೆಯ ತನಕ ಬರುತ್ತಾಳೆ. ಗದ್ದೆಪ್ಪ ಕುರಿಗಳನ್ನು ಅಂಚಿಗೆ ತರುತ್ತಾನೆ, ಭೀಮವ್ವ ಕುಂಟುತ್ತ ನಡುರಸ್ತೆಗೆ ಹೋಗಿ ನಿಂತು ಕೋಲು ಎತ್ತುತ್ತಾಳೆ. ಪಕ್ಕದಲ್ಲಿ ಕೆಂಚ. ಮೊನ್ನೆ ಒಂದು ಕಾರು ಬಂತು, ಬಿಳಿಯದೇ, ಯಾರದೋ. ಹಾರನ್ ಹೊಡೆಯಿತು. ಇನ್ನೊಮ್ಮೆ ಹೊಡೆಯಿತು. ಒಳಗಿದ್ದವನು ಗಾಜು ಇಳಿಸಿ ಕೂಗಿದ.

"ಏ ಯವ್ವಾ, ಸರೀರಿ! ಟೈಮ್ ಆಗಾಕತ್ತದ!"

ಭೀಮವ್ವ ಕೋಲು ಇಳಿಸಲಿಲ್ಲ.

"ಹೊಡಿ ಹಾರನ್," ಅಂದಳು. "ಕಡೀ ಕುರಿ ದಾಟೋತನ ಹೊಡಿ."

ಕಾರಿನವನು ಎಂಜಿನ್ ಬಂದ್ ಮಾಡಿದ. ಹಿಂಡು ದಾಟತೊಡಗಿತು, ಒಂದೊಂದಾಗಿ, ಯಾವ ಅವಸರವೂ ಇಲ್ಲದೆ.